ರವೆನ್ನಾದಲ್ಲಿ ಒಂದು ನಾಣ್ಯಕ್ಕಾಗಿ ಪರದಾಟ

ಇಟಲಿಯ ರವೆನ್ನಾ ಊರಿನಲ್ಲಿ ತೆಗೆದ ಚಿತ್ರಗಳಿವು. ಇದು ಸಾನ್ ವಿತಾಲೆ. ಹೊರಗಿನಿಂದ ಬರೀ ಇಟ್ಟಿಗೆ ಗೋಡೆ, ಅಲ್ವಾ? ಈಗ ಒಳಗೆ ನೋಡಿ. 547ರ ಚರ್ಚು ಇದು. ಗೋಡೆ ಮೇಲೆ ಮೊಸಾಯಿಕ್, ಅಂದರೆ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳು: ಎಡಗಡೆ ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್, ಎದುರಿಗೆ ಅವನ ರಾಣಿ ಥಿಯೊಡೊರಾ. ಗಾಜಿನ ಚೂರುಗಳನ್ನು ಬೇಕೆಂದೇ ಸ್ವಲ್ಪ ಓರೆಯಾಗಿ ಕೂರಿಸಿದ್ದಾರೆ. ಅದಕ್ಕೇ ಒಂದು ಹೆಜ್ಜೆ ಸರಿದರೂ ಚಿನ್ನದ ಬಣ್ಣ ಮಿಣುಕುತ್ತದೆ. ರವೆನ್ನಾದಲ್ಲಿ ಇದೊಂದನ್ನು ನೋಡಿದರೆ ಸಾಕು.

ಇದು ಪಕ್ಕದಲ್ಲೇ ಇರುವ, ರೋಮನ್ ರಾಣಿ ಗಾಲ್ಲಾ ಪ್ಲಾಚಿಡಿಯಾ ಸಮಾಧಿ. ಹೆಸರಷ್ಟೇ ಸಮಾಧಿ, ಆಕೆ ತೀರಿಕೊಂಡದ್ದು ರೋಮಿನಲ್ಲಿ, 450ರಲ್ಲಿ. ಮೇಲೆ ಚಾವಣಿ ನೋಡಿ, ಮೊಸಾಯಿಕ್‌ನಲ್ಲೇ ಮಾಡಿದ ಕಡುನೀಲಿ ಆಕಾಶ, ತುಂಬಾ ನಕ್ಷತ್ರ. ಒಳಗೆ ಕೆಲವೇ ನಿಮಿಷ ಇರಲು ಬಿಡುತ್ತಾರೆ. ನನಗಂತೂ ಸಾಲಲಿಲ್ಲ.

ಸಾನ್ ಫ್ರಾಂಚೆಸ್ಕೊ ಚರ್ಚಿಗೆ ಬಂದೆವು. ಇಲ್ಲೇ ನೋಡಿ ಪೇಚಾಟ ಶುರುವಾದದ್ದು. ಬಲಿಪೀಠದ ಕೆಳಗೆ ಒಂದು ನೆಲಮಾಳಿಗೆ ಇದೆ, ಕಿಂಡಿಯಿಂದ ಬಗ್ಗಿ ನೋಡಬೇಕು. ಒಳಗೆ ಕತ್ತಲು. ಡಬ್ಬಿಗೆ ನಾಣ್ಯ ಹಾಕಿದರೆ ಮಾತ್ರ ದೀಪ ಹತ್ತುತ್ತದೆ. ನನ್ನ ಹತ್ತಿರ ಇದ್ದದ್ದು 20 ಯೂರೋ ನೋಟು ಮತ್ತು ಕಾರ್ಡು. ಊರೆಲ್ಲಾ ಕಾರ್ಡಿನಲ್ಲೇ ನಡೆಯುವಾಗ ಚಿಲ್ಲರೆ ಯಾರು ಇಟ್ಟುಕೊಳ್ಳುತ್ತಾರೆ ಹೇಳಿ! ಅಲ್ಲಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ, ಪಾಪ, ಅವರ ಹತ್ತಿರವೂ ಇರಲಿಲ್ಲ. ಬೀದಿಗೆ ಓಡಿ, ನಿಂತುಕೊಂಡೇ ಒಂದು ಕಾಫಿ ಕುಡಿದು, ಚಿಲ್ಲರೆ ಹಿಡಿದು ವಾಪಸ್ ಬಂದರೆ ಚರ್ಚಿನ ಬಾಗಿಲು ಹಾಕಿದೆ. ಮಧ್ಯಾಹ್ನದ ವಿರಾಮ! ಎಷ್ಟು ಬೇಜಾರಾಯಿತು ಗೊತ್ತಾ? ಬರುವವರು ದಯವಿಟ್ಟು ಬೆಳಗ್ಗೆಯೇ ಬನ್ನಿ, ಜೇಬಿನಲ್ಲಿ ಚಿಲ್ಲರೆ ಇರಲಿ.

ಕಾಯುವಾಗ ತೆಗೆದದ್ದು ಇದು. ಪಕ್ಕದಲ್ಲೇ ಇರುವ, ಪುಟ್ಟ ಗುಡಿಯಂಥ, ಇಟಲಿಯ ಮಹಾಕವಿ ಡಾಂಟೆಯ ಸಮಾಧಿ. ಅವನ ಹುಟ್ಟೂರು ಫ್ಲಾರೆನ್ಸ್ ಅವನನ್ನು ಗಡಿಪಾರು ಮಾಡಿತು, 1321ರಲ್ಲಿ ಇಲ್ಲೇ ತೀರಿಕೊಂಡ. ಆಮೇಲೆ ಅದೇ ಫ್ಲಾರೆನ್ಸ್ ಮೂಳೆ ಕೇಳಿಕೊಂಡು ಬಂತು. 1519ರಲ್ಲಿ ಇಲ್ಲಿನ ಸನ್ಯಾಸಿಗಳು ಮೂಳೆಗಳನ್ನು ಬಚ್ಚಿಟ್ಟರು, ಮತ್ತೆ ಸಿಕ್ಕಿದ್ದು 1865ರಲ್ಲಿ! ಸರಿಯಾಗೇ ಮಾಡಿದರು ಅನ್ನುತ್ತೇನೆ. ಬದುಕಿದ್ದಾಗ ಬೇಡವಾದವನು ಸತ್ತ ಮೇಲೆ ಯಾಕೆ ಬೇಕು? ಈಗ ಒಳಗೆ ಉರಿಯುವ ದೀಪಕ್ಕೆ ವರ್ಷ ವರ್ಷ ಎಣ್ಣೆ ಕೊಡುವುದು ಫ್ಲಾರೆನ್ಸೇ. ನಮ್ಮಲ್ಲೂ ದೇವರ ದೀಪಕ್ಕೆ ಎಣ್ಣೆ ಕೊಡುವ ಮನೆತನಗಳು ಇರುತ್ತವಲ್ಲ, ಹಾಗೇ... ಹಾಂ, ಬಾಗಿಲು ತೆಗೆದರು.

ನಾಣ್ಯ ಹಾಕಿದೆ. ನೋಡಿ! ಕಂಬಗಳ ಮಧ್ಯೆ ನೀರು. ಊರಿನ ನೆಲ ಕುಸಿಯುತ್ತಾ ಬಂದು ಒಳಗೆ ನೀರು ತುಂಬಿದೆ. ತಳದಲ್ಲಿ ಹಳೆಯ ಮೊಸಾಯಿಕ್, ಅದರ ಮೇಲೆ ಬಂಗಾರದ ಬಣ್ಣದ ಮೀನು ಓಡಾಡುತ್ತಿವೆ. ಸಾನ್ ವಿತಾಲೆ ಒಂದೇ ಸಾಕು ಅಂದಿದ್ದೆ ಅಲ್ವಾ? ವಾಪಸ್ ತಗೊಂಡೆ. ಡಾಂಟೆಯ ಅಂತ್ಯಕ್ರಿಯೆ ನಡೆದದ್ದೂ ಇದೇ ಚರ್ಚಿನಲ್ಲಿ, ಆಗ... ಛೆ, ದೀಪ ಆರಿತು. ಇರಿ, ಇನ್ನೊಂದು ನಾಣ್ಯ ಇದೆ.