ಎದುರಾಳಿಗೆ ಏನನ್ನು ಬಿಟ್ಟುಕೊಡಬೇಕು?

ಕೇಳುಗರಿಗೆ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡ ಸಾಮಾನ್ಯವಾಗಿ ವಾರಕ್ಕೆ ಒಂದೇ ಪಂದ್ಯ ಆಡುತ್ತದೆ. ಆಟದ ಗಡಿಯಾರ ಓಡುವುದು ಬರೀ 60 ನಿಮಿಷ. ಹಾಗಾದರೆ ಉಳಿದ ದಿನಗಳಲ್ಲಿ ಏನು ಮಾಡುತ್ತಾರೆ? ಓಡುತ್ತಾರೆ, ಭಾರ ಎತ್ತುತ್ತಾರೆ, ನಿಜ. ಆದರೆ ಅದಕ್ಕಿಂತ ಹೆಚ್ಚು ಹೊತ್ತು ಕತ್ತಲೆ ಕೋಣೆಯಲ್ಲಿ ಕೂತು ಮುಂದಿನ ಎದುರಾಳಿಯ ವಿಡಿಯೊ ನೋಡುತ್ತಾರೆ. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಅದೇ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಪಂದ್ಯಕ್ಕೆ ಮುಂಚೆ ಟಿವಿಯಲ್ಲಿ ಚರ್ಚೆ ಇರುತ್ತದೆ. ಯಾರ ಕೈ ಮೇಲು, ಯಾರಿಗೆ ಪೆಟ್ಟಾಗಿದೆ, ಕಳೆದ ವಾರ ಯಾರು ಎಷ್ಟು ಅಂಕ ಗಳಿಸಿದರು, ಹೀಗೆ. ಒಳ್ಳೆಯ ಕೋಚ್ ಕೇಳಿಕೊಳ್ಳುವ ಪ್ರಶ್ನೆ ಅದಲ್ಲ. ಎದುರಾಳಿಗೆ ನಮ್ಮನ್ನು ಸೋಲಿಸಲು ಐದಾರು ದಾರಿಗಳಿವೆ, ಎಲ್ಲವನ್ನೂ ಮುಚ್ಚಲು ಆಗುವುದಿಲ್ಲ. ನಮ್ಮಲ್ಲಿರುವವರು 11 ಜನ ಮಾತ್ರ. ಒಂದು ಕಡೆ ಒಬ್ಬನನ್ನು ಹೆಚ್ಚಿಗೆ ನಿಲ್ಲಿಸಿದರೆ ಇನ್ನೊಂದು ಕಡೆ ಒಬ್ಬ ಕಡಿಮೆಯಾಗುತ್ತಾನೆ. ಹಾಗಾದರೆ ಯಾವ ದಾರಿಯನ್ನು ತೆರೆದೇ ಬಿಡೋಣ? ಎದುರಾಳಿಯ ಬಲ ಏನು ಎಂದು ಯಾರು ಬೇಕಾದರೂ ಹೇಳಬಹುದು. ಇಂಥದ್ದನ್ನು ಅವರಿಗೆ ಬಿಟ್ಟುಕೊಡುತ್ತೇವೆ ಎಂದು ತೀರ್ಮಾನಿಸೋದಕ್ಕೆ ಮಾತ್ರ ಧೈರ್ಯ ಬೇಕು.

ಇದಕ್ಕೆ ನಾನು ಸದಾ ನೆನೆಯುವ ಪಂದ್ಯ 1991ರ ಜನವರಿ 27ರಂದು ಫ್ಲೋರಿಡಾದ ಟ್ಯಾಂಪಾದಲ್ಲಿ ನಡೆಯಿತು. ಅದು 25ನೇ ಸೂಪರ್ ಬೌಲ್, ಅಂದರೆ ಅಮೆರಿಕದ ಎನ್‌ಎಫ್‌ಎಲ್ ಲೀಗಿನ ಫೈನಲ್. ಒಂದು ಕಡೆ ಬಫಲೋ ಬಿಲ್ಸ್, ಇನ್ನೊಂದು ಕಡೆ ನ್ಯೂಯಾರ್ಕ್ ಜೈಂಟ್ಸ್.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಪ್ರಯತ್ನಗಳ ಅವಕಾಶ. ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಮುಂದೆ ಹೋಗಲು ಎರಡು ದಾರಿ. ಚೆಂಡನ್ನು ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಓಡಿಸಬಹುದು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ದೂರಕ್ಕೆ ಎಸೆಯಬಹುದು. ಇಷ್ಟು ತಿಳಿದರೆ ಸಾಕು.

ಬಿಲ್ಸ್ ತಂಡ ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು, 428 ಅಂಕ ಗಳಿಸಿತ್ತು. ಸೂಪರ್ ಬೌಲ್‌ಗೆ ಬರೀ ಒಂದು ವಾರ ಮುಂಚೆ ರೇಡರ್ಸ್ ತಂಡವನ್ನು 51-3ರಿಂದ ಚಚ್ಚಿಹಾಕಿತ್ತು. ಅರ್ಧ ಆಟ ಮುಗಿಯುವಾಗಲೇ 41-3 ಆಗಿತ್ತು. ಅವರ ಆಟದ ಗುಟ್ಟು ವೇಗ. ಸಾಮಾನ್ಯವಾಗಿ ಪ್ರತಿ ಪ್ರಯತ್ನದ ನಂತರ ಆಟಗಾರರು ಗುಂಪುಗೂಡಿ ಮುಂದೇನು ಎಂದು ಮಾತಾಡಿಕೊಳ್ಳುತ್ತಾರೆ. ಬಿಲ್ಸ್ ಗುಂಪುಗೂಡುತ್ತಲೇ ಇರಲಿಲ್ಲ. ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ ಸಾಲಿನ ಹಿಂದೆ ನಿಂತು ತಾನೇ ಮುಂದಿನ ಆಟವನ್ನು ಕೂಗಿ ಹೇಳುತ್ತಿದ್ದರು. ಎದುರಿನವರಿಗೆ ಉಸಿರು ಬಿಡಲು, ಆಟಗಾರರನ್ನು ಬದಲಿಸಲು ಸಮಯವೇ ಸಿಗುತ್ತಿರಲಿಲ್ಲ. ಎಸೆದದ್ದನ್ನು ಹಿಡಿಯಲು ಆಂಡ್ರೆ ರೀಡ್ ಮತ್ತು ಜೇಮ್ಸ್ ಲಾಫ್ಟನ್, ಓಡಲು ಥರ್ಮನ್ ಥಾಮಸ್.

ಜೈಂಟ್ಸ್ ಇವರ ಕೈಯಲ್ಲಿ ಡಿಸೆಂಬರ್ 15ರಂದು 17-13ರಿಂದ ಸೋತಿತ್ತು. ಅದೇ ಪಂದ್ಯದಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ಫಿಲ್ ಸಿಮ್ಸ್ ಕಾಲಿಗೆ ಪೆಟ್ಟಾಗಿ ಆ ವರ್ಷದ ಆಟವೇ ಮುಗಿದುಹೋಯಿತು. ಆಮೇಲೆ ಆಡಿದವರು ಬದಲಿ ಆಟಗಾರ ಜೆಫ್ ಹಾಸ್ಟೆಟ್ಲರ್. ಆದರೆ ಸೋತ ಪಂದ್ಯದಿಂದ ಒಂದು ಉಪಯೋಗವೂ ಇತ್ತು. ಬಿಲ್ಸ್‌ನ ಆ ವೇಗ ಹೇಗಿರುತ್ತದೆ ಎಂದು ಅವರು ಮೈಮೇಲೆ ಅನುಭವಿಸಿದ್ದರು.

ಜೈಂಟ್ಸ್‌ನ ರಕ್ಷಣೆಯ ಹೊಣೆ ಬಿಲ್ ಬೆಲಿಚಿಕ್ ಅವರದು. ಆಗ ಅವರಿಗೆ 38 ವರ್ಷ. ಎದುರಾಳಿಯನ್ನು ಓದುವುದು ಅವರಿಗೆ ಮನೆಯಲ್ಲೇ ಕಲಿತ ವಿದ್ಯೆ. ತಂದೆ ಸ್ಟೀವ್ ಬೆಲಿಚಿಕ್ ಅನಾಪೊಲಿಸ್‌ನ ನೌಕಾ ಅಕಾಡೆಮಿ ತಂಡಕ್ಕಾಗಿ ಎದುರಾಳಿಗಳನ್ನು ನೋಡಿಬರುವ ಸ್ಕೌಟ್ ಆಗಿದ್ದರು. ಹುಡುಗನಾಗಿದ್ದಾಗಲೇ ಬಿಲ್ ತಂದೆಯ ಪಕ್ಕ ಕೂತು ಆಟದ ಫಿಲ್ಮ್ ನೋಡುತ್ತಿದ್ದರು.

ಆ ವರ್ಷ ಸೆಮಿಫೈನಲ್‌ಗೂ ಸೂಪರ್ ಬೌಲ್‌ಗೂ ನಡುವೆ ಒಂದೇ ವಾರ ಇತ್ತು. ಆ ವಾರದಲ್ಲಿ ಬೆಲಿಚಿಕ್ ತಮ್ಮ ಆಟಗಾರರ ಮುಂದೆ ನಿಂತು ಹೇಳಿದ ಮಾತನ್ನು ಆ ಆಟಗಾರರೇ ಮುಂದೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಥರ್ಮನ್ ಥಾಮಸ್ 100 ಯಾರ್ಡ್‌ಗಿಂತ ಹೆಚ್ಚು ಓಡಿದರೆ ನಾವು ಗೆಲ್ಲುತ್ತೇವೆ, ಎಂಬುದು ಅದರ ತಿರುಳು. ಕೋಣೆಯಲ್ಲಿ ಇದ್ದವರು ಯಾರು? ಲಾರೆನ್ಸ್ ಟೇಲರ್, ಕಾರ್ಲ್ ಬ್ಯಾಂಕ್ಸ್, ಪೆಪ್ಪರ್ ಜಾನ್ಸನ್. ಓಡುವವನನ್ನು ನೆಲಕ್ಕೆ ಕೆಡವುವುದೇ ಹೆಮ್ಮೆ ಎಂದುಕೊಂಡಿದ್ದವರು. ಇಡೀ ವರ್ಷ ಲೀಗಿನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ಗುಂಪು ಅದು. ಅಂಥವರಿಗೆ, ಎದುರಿನವನು ನೂರು ಯಾರ್ಡ್ ಓಡಲಿ ಬಿಡಿ ಅಂದರೆ ಹೇಗಾಗಬೇಡ! ಅವರು ಸುಲಭಕ್ಕೆ ಒಪ್ಪಲಿಲ್ಲ.

ಲೆಕ್ಕಾಚಾರ ಹೀಗಿತ್ತು. ಬಿಲ್ಸ್ ಪಂದ್ಯ ಗೆಲ್ಲುತ್ತಿದ್ದುದು ಒಂದೇ ಏಟಿಗೆ 30, 40 ಯಾರ್ಡ್ ಕಬಳಿಸುವ ಎಸೆತಗಳಿಂದ. ಥಾಮಸ್ ಓಡಿದರೆ ನಷ್ಟವೇ, ಆದರೆ ಐದಾರು ಯಾರ್ಡ್‌ನ ನಷ್ಟ. ಕ್ರಿಕೆಟ್‌ನಲ್ಲಿ ಫೀಲ್ಡರ್‌ಗಳನ್ನೆಲ್ಲ ಬೌಂಡರಿಗೆ ಕಳಿಸಿ ಒಂದೊಂದು ರನ್ ಬಿಟ್ಟುಕೊಡುವ ನಾಯಕನ ಯೋಚನೆಯೇ ಇದು. ಇದರ ಹಿಂದೆ ಇನ್ನೊಂದು ಸೂಕ್ಷ್ಮವೂ ಇತ್ತು. ಆಟ ಆರಿಸುವವರು ಕೆಲ್ಲಿ. ಕೆಲ್ಲಿಗೆ ಎಸೆಯುವುದೆಂದರೆ ಪ್ರಾಣ. ಓಡುವ ದಾರಿ ತೆರೆದಿದ್ದರೂ ಆತ ಪದೇ ಪದೇ ಎಸೆಯಲು ಹೋಗುತ್ತಾನೆ ಎಂದು ಬೆಲಿಚಿಕ್ ನಂಬಿದ್ದರು. ನನಗೆ ಇಡೀ ಯೋಜನೆಯಲ್ಲಿ ಬಹಳ ಮೆಚ್ಚುಗೆಯಾಗುವುದು ಈ ಅಂಶ. ಅವರು ತಂಡವನ್ನಷ್ಟೇ ಅಲ್ಲ, ಒಬ್ಬ ಮನುಷ್ಯನ ಸ್ವಭಾವವನ್ನೂ ಓದಿದ್ದರು.

ಹಾಗಾಗಿ ಮುಂದಿನ ಸಾಲಿನಲ್ಲಿ ಬಹುಪಾಲು ಇಬ್ಬರೇ ದೊಡ್ಡ ಲೈನ್‌ಮನ್‌ಗಳು ಉಳಿದರು. ಮಿಕ್ಕವರು ಹಿಂದೆ ಸರಿದು ಎಸೆತದ ದಾರಿಗಳಲ್ಲಿ ನಿಂತರು. ಮೈದಾನದ ನಡುವೆ ಚೆಂಡು ಹಿಡಿಯಲು ಬಂದ ರೀಡ್ ಮತ್ತು ಜೊತೆಗಾರರಿಗೆ ಜೋರು ಪೆಟ್ಟು ಬೀಳುತ್ತಿತ್ತು. ಹೊತ್ತು ಕಳೆದ ಹಾಗೆ ರೀಡ್ ಕೈಯಿಂದ ಚೆಂಡುಗಳು ಜಾರತೊಡಗಿದವು.

ಇನ್ನು ಯೋಜನೆಯ ಉಳಿದರ್ಧ ಮುಖ್ಯ ಕೋಚ್ ಬಿಲ್ ಪಾರ್ಸೆಲ್ಸ್ ಅವರದು. ಬಿಲ್ಸ್‌ನ ಆಟ ಅಷ್ಟು ಅಪಾಯಕಾರಿ ಅಂದರೆ, ಅವರನ್ನು ಮೈದಾನಕ್ಕೇ ಬಿಡದಿದ್ದರೆ ಆಯಿತು, ಅಲ್ವಾ? ಜೈಂಟ್ಸ್ ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ನಿಧಾನವಾಗಿ ಸಾಗಿದರು. ಮೂರನೇ ಕ್ವಾರ್ಟರ್‌ನ ಮೊದಲ ಸರದಿಯಲ್ಲಿ 75 ಯಾರ್ಡ್ ಹೋಗಲು 14 ಪ್ರಯತ್ನ, 9 ನಿಮಿಷ 29 ಸೆಕೆಂಡ್ ತೆಗೆದುಕೊಂಡರು. ನಡುವೆ ಮೂರನೇ ಪ್ರಯತ್ನದಲ್ಲಿ 13 ಯಾರ್ಡ್ ಬೇಕಾಗಿದ್ದಾಗ ಮಾರ್ಕ್ ಇಂಗ್ರಮ್ ಚೆಂಡು ಹಿಡಿದು, ಒಬ್ಬೊಬ್ಬರನ್ನೇ ತಪ್ಪಿಸಿಕೊಂಡು 14 ಯಾರ್ಡ್ ದಾಟಿದ ಆ ಓಟವನ್ನು ಸಿಕ್ಕರೆ ನೀವು ನೋಡಲೇಬೇಕು. ಆ ಸರದಿ ಆಟಿಸ್ ಆಂಡರ್ಸನ್ ಟಚ್‌ಡೌನ್‌ನಲ್ಲಿ, ಅಂದರೆ ಚೆಂಡನ್ನು ಗೋಲ್ ಗೆರೆ ದಾಟಿಸುವುದರಲ್ಲಿ, ಮುಗಿಯಿತು. 60 ನಿಮಿಷಗಳಲ್ಲಿ 40 ನಿಮಿಷ 33 ಸೆಕೆಂಡ್ ಚೆಂಡು ಜೈಂಟ್ಸ್ ಹತ್ತಿರವೇ ಇತ್ತು.

ಥಾಮಸ್ ಎಷ್ಟು ಓಡಿದರು ಗೊತ್ತಾ? 135 ಯಾರ್ಡ್. ಅದೂ 15 ಸಲ ಮಾತ್ರ ಚೆಂಡು ಕೈಗೆ ಸಿಕ್ಕಿದ್ದು. ಪ್ರತಿ ಸಲ ಸರಾಸರಿ 9 ಯಾರ್ಡ್! ಆದರೂ ಕೆಲ್ಲಿ ಅದರ ಎರಡು ಪಟ್ಟು, 30 ಸಲ ಎಸೆದರು. ಅಂತಿಮ ಅಂಕ ಜೈಂಟ್ಸ್ 20, ಬಿಲ್ಸ್ 19.

ಈ ಯೋಜನೆ ಇಲ್ಲದಿದ್ದರೆ ಗೆಲುವಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಆದರೆ ಯೋಜನೆಯೊಂದೇ ಗೆಲ್ಲಿಸಿತು ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಕೊನೆಯ ಸರದಿಯಲ್ಲಿ ಥಾಮಸ್ 22 ಯಾರ್ಡ್ ಓಡಿ ಇನ್ನೇನು ಪೂರ್ತಿ ತಪ್ಪಿಸಿಕೊಂಡರು ಅನ್ನುವಾಗ ಎವರ್ಸನ್ ವಾಲ್ಸ್ ಒಬ್ಬರೇ ಅಡ್ಡ ಬಂದು ಹಿಡಿದು ಕೆಡವಿದರು. ಹಾಗೆ ಬಿಟ್ಟುಕೊಡುವ ಯೋಜನೆಗೆ ಕೊನೆಗೆ ಒಬ್ಬ ಕಾವಲುಗಾರ ಇರಲೇಬೇಕು. ನಂತರ 8 ಸೆಕೆಂಡ್ ಉಳಿದಿದ್ದಾಗ ಬಿಲ್ಸ್‌ನ ಸ್ಕಾಟ್ ನಾರ್ವುಡ್ 47 ಯಾರ್ಡ್‌ನಿಂದ ಒದ್ದ ಚೆಂಡು ಕಂಬದ ಬಲಗಡೆ ಹೊರಗೆ ಹೋಯಿತು. ಕಂಬಗಳ ನಡುವೆ ಹೋಗಿದ್ದರೆ 3 ಅಂಕ ಸಿಕ್ಕಿ ಬಿಲ್ಸ್ ಮುಂದಾಗುತ್ತಿತ್ತು. ಬೆಲಿಚಿಕ್ ಅವರ ಆ ಯೋಜನೆಯ ಕಡತ ಈಗ ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ, ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿದೆ.

ಹಾಗಂತ ಓಡುವವನನ್ನು ಬಿಟ್ಟುಬಿಡಿ ಎಂಬುದು ಎಲ್ಲ ಕಡೆ ಒಗ್ಗುವ ಮದ್ದಲ್ಲ. 11 ವರ್ಷಗಳ ಮೇಲೆ ಬೆಲಿಚಿಕ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಮುಖ್ಯ ಕೋಚ್ ಆಗಿ ಸೂಪರ್ ಬೌಲ್‌ಗೆ ಬಂದರು. ಎದುರಿಗೆ ಸೇಂಟ್ ಲೂಯಿಸ್ ರ‍್ಯಾಮ್ಸ್, ಅವರದೂ ಮಿಂಚಿನ ವೇಗದ ತಂಡ. ಅದಕ್ಕೆ ಮುಂಚಿನ ನವೆಂಬರ್‌ನಲ್ಲಿ ಪೇಟ್ರಿಯಟ್ಸ್ ಅವರ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಮೇಲೆ ಮುಗಿಬಿದ್ದು ಆಡಿ 24-17ರಿಂದ ಸೋತಿತ್ತು. ಎರಡನೇ ಸಲ ಅವರು ನಿಜವಾದ ಗುರಿಯನ್ನೇ ಬದಲಿಸಿದರು. ಈ ಸಲ ತಡೆಯಬೇಕಾದವನು ರನ್ನಿಂಗ್ ಬ್ಯಾಕ್ ಮಾರ್ಷಲ್ ಫಾಕ್. ಚೆಂಡು ಕೈಯಲ್ಲಿರಲಿ, ಇಲ್ಲದಿರಲಿ, ಆತ ಹೊರಟಾಗಲೆಲ್ಲ ಡಿಕ್ಕಿ ಹೊಡೆಯಿರಿ ಎಂದು ಹೇಳಿಕೊಟ್ಟರು. ಗೆದ್ದದ್ದು 20-17ರಿಂದ. ಒಂದು ಸಲ ಓಡುವವನನ್ನು ಬಿಟ್ಟರು, ಇನ್ನೊಂದು ಸಲ ಅವನನ್ನೇ ಹಿಡಿದರು.

ವಾರದ ಕೆಲಸ ಹೇಗೆ ನಡೆಯುತ್ತದೆ ಎಂದೂ ಸ್ವಲ್ಪ ಹೇಳಬೇಕು. ಲೀಗಿನ ಎಲ್ಲ ತಂಡಗಳಿಗೂ ಎಲ್ಲರ ವಿಡಿಯೊ ಸಿಗುತ್ತದೆ. ಎತ್ತರದಿಂದ ತೆಗೆದದ್ದು, 22 ಆಟಗಾರರೂ ಕಾಣುವಂಥದ್ದು. ಅಂದರೆ ಯಾರ ಹತ್ತಿರವೂ ಗುಟ್ಟಿನ ಚಿತ್ರವಿಲ್ಲ, ಓದುವ ಕಣ್ಣು ಮಾತ್ರ ಬೇರೆ ಬೇರೆ. ಕಿರಿಯ ಕೋಚ್‌ಗಳು ಪ್ರತಿ ಆಟವನ್ನೂ ನಿಲ್ಲಿಸಿ ಬರೆದುಕೊಳ್ಳುತ್ತಾರೆ. ಎಷ್ಟನೇ ಪ್ರಯತ್ನ, ಎಷ್ಟು ಯಾರ್ಡ್ ಬೇಕಿತ್ತು, ಯಾರು ಎಲ್ಲಿ ನಿಂತಿದ್ದರು, ಏನಾಯಿತು. ಭಾನುವಾರ ಪಂದ್ಯವಿದ್ದರೆ ಸಾಮಾನ್ಯವಾಗಿ ಮಂಗಳವಾರ ಆಟಗಾರರಿಗೆ ರಜೆ, ಕೋಚ್‌ಗಳಿಗೆ ಜಾಸ್ತಿ ಕೆಲಸ. ಬುಧವಾರ ಮೊದಲ ಎರಡು ಪ್ರಯತ್ನಗಳ ಅಭ್ಯಾಸ, ಗುರುವಾರ ಮೂರನೆಯದ್ದು, ಶುಕ್ರವಾರ ಗೋಲ್ ಗೆರೆಯ ಹತ್ತಿರದ್ದು. ತಮ್ಮದೇ ಆಟವನ್ನೂ ಎದುರಾಳಿಯ ಕಣ್ಣಿನಿಂದ ನೋಡಿಕೊಳ್ಳುತ್ತಾರೆ, ನಮ್ಮ ಯಾವ ರೂಢಿ ಅವರಿಗೆ ಕಾಣಿಸುತ್ತಿರಬಹುದು ಎಂದು.

ಇವರೆಲ್ಲರ ನಡುವೆ ಹೆಸರೇ ಕೇಳಿಸದ ಕೆಲವು ಆಟಗಾರರಿದ್ದಾರೆ. ಅವರದು ಅಭ್ಯಾಸದಲ್ಲಿ ಎದುರಾಳಿಯ ಪಾತ್ರ. ಅವರಂತೆ ನಿಲ್ಲುವುದು, ಅವರಂತೆ ಓಡುವುದು. ಭಾನುವಾರ ಅವರಲ್ಲಿ ಹಲವರಿಗೆ ಮೈದಾನಕ್ಕಿಳಿಯುವ ಅವಕಾಶವೂ ಇಲ್ಲ. ಆದರೆ ಅವರ ಕೆಲಸದ ಬೆಲೆ 2015ರ ಫೆಬ್ರವರಿ 1ರಂದು, ಅರಿಜೋನಾದ ಗ್ಲೆಂಡೇಲ್‌ನಲ್ಲಿ ಎಲ್ಲರಿಗೂ ಕಾಣಿಸಿತು.

ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ಉಳಿದಿರುವುದು 26 ಸೆಕೆಂಡ್. ಸೀಹಾಕ್ಸ್‌ಗೆ ಬೇಕಾಗಿರುವುದು ಒಂದೇ ಯಾರ್ಡ್. ಅವರಲ್ಲಿ ಮಾರ್ಷಾನ್ ಲಿಂಚ್ ಎಂಬ ದೈತ್ಯ ಓಟಗಾರ ಇದ್ದರು. ಆದರೂ ಎಸೆದರು. ಇದನ್ನು ದೊಡ್ಡ ಮೂರ್ಖತನ ಎಂದು ಬೈದವರು ಲೆಕ್ಕವಿಲ್ಲ. ನಾನು ಒಪ್ಪುವುದಿಲ್ಲ. ಪೇಟ್ರಿಯಟ್ಸ್ ಓಟ ತಡೆಯಲು ಭಾರಿ ಆಳುಗಳನ್ನು ಮುಂದೆ ನಿಲ್ಲಿಸಿದ್ದರು. ಅದನ್ನು ನೋಡಿಯೇ ಸೀಹಾಕ್ಸ್ ಕೋಚ್ ಪೀಟ್ ಕ್ಯಾರಲ್ ಎಸೆತ ಆರಿಸಿದರು. ಅವರೂ ಎದುರಾಳಿಯನ್ನು ಓದಿಯೇ ಆಡಿದರು.

ಆದರೆ ಎಸೆತ ಹಿಡಿಯುವ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೆ ಒಬ್ಬರು ನಿಂತ ಆ ಜೋಡಣೆಯನ್ನು ಪೇಟ್ರಿಯಟ್ಸ್ ಆ ವಾರ ಅಭ್ಯಾಸದಲ್ಲಿ ಆಡಿಸಿ ನೋಡಿದ್ದರು. ಅಭ್ಯಾಸದ ತಂಡ ಆ ಆಟದಲ್ಲಿ ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗನನ್ನು ಸೋಲಿಸಿ ಟಚ್‌ಡೌನ್ ಗಳಿಸಿತ್ತು. ಬಟ್ಲರ್ ವೆಸ್ಟ್ ಅಲಬಾಮಾ ವಿಶ್ವವಿದ್ಯಾಲಯದಿಂದ ಬಂದವರು. 2014ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವರನ್ನು ಯಾವ ತಂಡವೂ ಆರಿಸಿರಲಿಲ್ಲ. ಪಂದ್ಯದಲ್ಲಿ ಅದೇ ಜೋಡಣೆ ಕಂಡ ಕೂಡಲೇ ಅವರು ಕಾಯಲಿಲ್ಲ, ಚೆಂಡು ಬರುವ ಜಾಗಕ್ಕೆ ನೇರ ನುಗ್ಗಿದರು. ರಸೆಲ್ ವಿಲ್ಸನ್ ಎಸೆದ ಚೆಂಡು ರಿಕಾರ್ಡೊ ಲಾಕೆಟ್ ಕೈ ಸೇರುವ ಮುಂಚೆ ಬಟ್ಲರ್ ಕೈಯಲ್ಲಿತ್ತು. ಎನ್‌ಎಫ್‌ಎಲ್‌ನಲ್ಲಿ ಅವರು ಹಿಡಿದ ಎದುರಾಳಿಯ ಮೊದಲ ಎಸೆತ ಅದು.

ನಮಸ್ಕಾರ.