ಆಮ್ಲಜನಕವನ್ನು ಸಂದೇಹಿಸಿದ ವೈದ್ಯ: ಆರ್ನಾಲ್ ಪ್ಯಾಟ್ಜ್

ಸಭಿಕರೇ,

ದಿನ ತುಂಬದೆ ಹುಟ್ಟಿದ ಕೂಸುಗಳ ಕಣ್ಣಿನ ಮಸೂರದ ಹಿಂದೆ ಬಿಳಿಯ ಪದರವೊಂದು ಬೆಳೆದು ಅವುಗಳ ದೃಷ್ಟಿ ಅಳಿಯುತ್ತಿರುವುದನ್ನು 1942ರಲ್ಲಿ ಬಾಸ್ಟನ್ನಿನ ನೇತ್ರತಜ್ಞ ಥಿಯೊಡೋರ್ ಟೆರ್ರಿ ಮೊದಲ ಬಾರಿಗೆ ವರದಿ ಮಾಡಿದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಹೀಗೆ ಕುರುಡಾದರು. ಒಳ್ಳೆಯ ಸೌಕರ್ಯವಿದ್ದ ಆಸ್ಪತ್ರೆಗಳಲ್ಲೇ ಈ ಕಾಯಿಲೆ ಹೆಚ್ಚಾಗಿ ಕಾಣುತ್ತಿದ್ದುದು ವೈದ್ಯರನ್ನು ಕಂಗೆಡಿಸಿತ್ತು.

ಆಗ ವಾಷಿಂಗ್ಟನ್ನಿನ ಗ್ಯಾಲಿಂಗರ್ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ಆರ್ನಾಲ್ ಪ್ಯಾಟ್ಜ್ ಅವರಿಗೆ ಸಂದೇಹ ಬಂದದ್ದು, ಕೂಸುಗಳನ್ನು ಉಳಿಸಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕದ ಮೇಲೆಯೇ. ಆಸ್ಟ್ರೇಲಿಯಾದ ಕೇಟ್ ಕ್ಯಾಂಪ್‌ಬೆಲ್ ಕೂಡ 1951ರಲ್ಲಿ ಇದೇ ಅನುಮಾನವನ್ನು ಪ್ರಕಟಿಸಿದರು. ಆದರೆ ಅನುಮಾನವನ್ನು ಪರೀಕ್ಷೆಗೆ ಒಡ್ಡುವುದು ಸುಲಭವಿರಲಿಲ್ಲ. ಆಮ್ಲಜನಕ ಕಡಿಮೆ ಮಾಡಿದರೆ ಮಕ್ಕಳು ಸಾಯುತ್ತಾರೆಂಬ ಕಾರಣಕ್ಕೆ ಪ್ಯಾಟ್ಜ್ ಅವರಿಗೆ ಸರ್ಕಾರಿ ಅನುದಾನ ಸಿಗಲಿಲ್ಲ; ಸಹೋದರನಿಂದ ಸಾಲ ಪಡೆದು ಅಧ್ಯಯನ ನಡೆಸಿದರು. ಕಡಿಮೆ ಆಮ್ಲಜನಕದ ಗುಂಪಿನ ಕೂಸುಗಳನ್ನು ಕಂಡು ಮರುಗಿದ ಕೆಲವು ದಾದಿಯರು ರಾತ್ರಿ ಹೊತ್ತು ಅದನ್ನು ಹೆಚ್ಚಿಸುತ್ತಿದ್ದರಂತೆ. ಆ ದಾದಿಯರನ್ನು ದೂಷಿಸಲು ನನಗೆ ಮನಸ್ಸು ಬಾರದು: ಅಂದಿನ ತಿಳಿವಳಿಕೆಯಲ್ಲಿ ಅದು ಕರುಣೆಯೇ ಆಗಿತ್ತು.

1952ರಲ್ಲಿ ಫಲಿತಾಂಶ ಹೊರಬಂತು: ತೀವ್ರವಾದ ಕಾಯಿಲೆ ಕಾಣಿಸಿಕೊಂಡದ್ದು ಹೆಚ್ಚು ಆಮ್ಲಜನಕ ಪಡೆದ ಗುಂಪಿನಲ್ಲಿ. ಎವರೆಟ್ ಕಿನ್ಸೆ ಅವರ ನೇತೃತ್ವದಲ್ಲಿ 18 ಆಸ್ಪತ್ರೆಗಳು ಸೇರಿ ನಡೆಸಿದ ದೊಡ್ಡ ಅಧ್ಯಯನವೂ ಇದನ್ನು ದೃಢಪಡಿಸಿತು. 1956ರಲ್ಲಿ ಇಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂದಾಗ ಪ್ಯಾಟ್ಜ್ ಅವರಿಗೆ ಅದನ್ನು ನೀಡಿದವರು ಹೆಲೆನ್ ಕೆಲರ್.

ಕಾಯಿಲೆಯ ಬಗೆ ಹೀಗಿದೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲದ ರಕ್ತನಾಳಗಳು ಅದರ ಅಂಚನ್ನು ಮುಟ್ಟುವುದು ಗರ್ಭದ ಕೊನೆಯ ವಾರಗಳಲ್ಲಿ. ಅದಕ್ಕೂ ಮೊದಲೇ ಹೊರಬಂದ ಕೂಸಿಗೆ ಅತಿಯಾಗಿ ಆಮ್ಲಜನಕ ದೊರೆತರೆ ಅವುಗಳ ಬೆಳವಣಿಗೆ ನಿಂತು, ಮುಂದೆ ಆಮ್ಲಜನಕಕ್ಕೆ ಹಸಿದ ಅಕ್ಷಿಪಟಲದಲ್ಲಿ ವಿಕೃತ ನಾಳಗಳು ಚಿಗುರಿ ಅದನ್ನೇ ಕಿತ್ತೆಳೆಯುತ್ತವೆ. ಮಧುಮೇಹಿಗಳ ಕಣ್ಣಿನಲ್ಲೂ ಇಂಥ ಹೊಸ ನಾಳಗಳದ್ದೇ ಕಾಟ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ಯಾಟ್ಜ್ ಇವುಗಳಿಗೆಂದು ಆರ್ಗಾನ್ ಲೇಸರ್ ಚಿಕಿತ್ಸೆಯನ್ನು ರೂಪಿಸಲು ದುಡಿದದ್ದನ್ನು ನಾನು ಬೇರೊಂದು ಅಧ್ಯಾಯವೆಂದು ಭಾವಿಸುವುದಿಲ್ಲ. ಕೂಸುಗಳ ಕಣ್ಣಿನಲ್ಲಿ ಕಂಡ ಪ್ರಶ್ನೆಯನ್ನೇ ಅವರು ಹಿರಿಯರ ಕಣ್ಣಿನಲ್ಲಿ ಹಿಂಬಾಲಿಸಿದರು. 1979ರಿಂದ 1989ರವರೆಗೆ ಅಲ್ಲಿನ ವಿಲ್ಮರ್ ನೇತ್ರ ಸಂಸ್ಥೆಯ ನಿರ್ದೇಶಕರಾಗಿದ್ದರು.

ಈ ಕಥೆಗೆ ನೋವಿನ ಮುಖವೂ ಇದೆ. ಆಮ್ಲಜನಕಕ್ಕೆ ಎಲ್ಲೆಡೆ ಕಡಿವಾಣ ಬಿದ್ದಾಗ ಕುರುಡು ತಗ್ಗಿತು, ಆದರೆ ಉಸಿರಾಟದ ತೊಂದರೆಯಿದ್ದ ಹಲವು ಕೂಸುಗಳು ಅದಿಲ್ಲದೆ ತೀರಿಕೊಂಡವು. ರಕ್ತದಲ್ಲಿನ ಆಮ್ಲಜನಕವನ್ನು ಕ್ಷಣಕ್ಷಣಕ್ಕೂ ಅಳೆಯುವ ಸಾಧನಗಳು ಬರಲು ಇನ್ನೂ ದಶಕಗಳು ಬೇಕಿದ್ದವು.

ನಮ್ಮಲ್ಲಿ ಈ ಕಾಯಿಲೆ ಹಳೆಯದಾಗಿಲ್ಲ. ಅಮೆರಿಕದಲ್ಲಿ 1,500 ಗ್ರಾಂವರೆಗಿನ ಕೂಸುಗಳನ್ನು ತಪಾಸಣೆ ಮಾಡಿದರೆ ಸಾಕೆನ್ನುವಾಗ, ಭಾರತದಲ್ಲಿ 2,000 ಗ್ರಾಂಗಿಂತ ಕಡಿಮೆ ತೂಕದವನ್ನೂ ನೋಡಬೇಕಾಗಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಹೊತ್ತು ಹೋಗಿ, ಅಕ್ಷಿಪಟಲದ ಚಿತ್ರ ತೆಗೆದು, ದೂರದಲ್ಲಿರುವ ತಜ್ಞರಿಗೆ ಕಳುಹಿಸುತ್ತಾರೆ. ಚಿಕಿತ್ಸೆ ಬೇಕಾದ ಕೂಸಿಗೆ ತಡಮಾಡದೆ ಲೇಸರ್ ಕೊಡಬೇಕು. ಕೆಲವೇ ದಿನ ಕಳೆದರೂ ಆ ಅವಕಾಶ ತಪ್ಪಿಹೋಗಬಹುದು.