ರೀಸ್ಟಾರ್ಟ್ ಸಾಲಲ್ಲ, ಆಫ್ ಮಾಡಿ ಆನ್ ಮಾಡಿ

ಎಲ್ರಿಗೂ ನಮಸ್ಕಾರ. ಇವತ್ತು ನಂಗೆ ಕೊಟ್ಟಿರೋ ವಿಷಯ ಪ್ರೊಸೆಸರ್ ಸೆಕ್ಯುರಿಟಿ, ಅದ್ರಲ್ಲೂ ವರ್ಚುವಲ್ ಮಷಿನ್, ಅಂದ್ರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರಲ್ಲೇ ಮಾಡಿರೋ ಇನ್ನೊಂದು ಕಂಪ್ಯೂಟರ್, ಅದ್ರ ಒಳಗೆ ಓಡೋ ಆಪರೇಟಿಂಗ್ ಸಿಸ್ಟಂಗಳ ವಿಚಾರ. ಕೇಳ್ತಿರೋರಲ್ಲಿ ಆಫೀಸಿನ ಸರ್ವರ್ ನೋಡ್ಕೊಳ್ಳೋರು ಇರ್ತೀರ, ಕ್ಲೌಡಲ್ಲಿ ಸಣ್ಣದೊಂದು ಮಷಿನ್ ಬಾಡಿಗೆಗೆ ತಗೊಂಡು ವೆಬ್‌ಸೈಟ್ ನಡೆಸೋರು ಇರ್ತೀರ, ನಿಮ್ಮನ್ನೇ ಮನಸ್ಸಲ್ಲಿಟ್ಕೊಂಡು ಮಾತಾಡ್ತೀನಿ. ನಾನು ಹೇಳೋದು ಒಂದೇ ಮಾತು. ಹೊರಗಿನ ಹೋಸ್ಟಿಗೂ, ಅಂದ್ರೆ ನಿಜವಾದ ಮಷಿನ್‌ಗೂ, ಪ್ಯಾಚ್ ಅನ್ನೋ ದೋಷ ಸರಿಮಾಡೋ ಅಪ್ಡೇಟ್ ಬೇಕು, ಒಳಗಿನ ಗೆಸ್ಟಿಗೂ, ಅಂದ್ರೆ ಅದ್ರ ಮೇಲೆ ಓಡೋ ವರ್ಚುವಲ್ ಮಷಿನ್‌ಗೂ, ಪ್ಯಾಚ್ ಬೇಕು, ಎರಡೂ ಆದ್ಮೇಲೆ ಗೆಸ್ಟನ್ನ ಪೂರ್ತಿ ಆಫ್ ಮಾಡಿ ಆನ್ ಮಾಡ್ಬೇಕು. ರೀಸ್ಟಾರ್ಟ್ ಅಲ್ಲ, ಆಫ್.

ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದೆ ಹೋಗ್ಬೇಕು. 2018ರ ಜನವರಿ 3ನೇ ತಾರೀಕು ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನೋ ಪ್ರೊಸೆಸರ್ ದೋಷಗಳ ಎರಡು ಹೆಸ್ರು ಒಟ್ಟಿಗೇ ಹೊರಗೆ ಬಂದ್ವು. ಗೂಗಲ್‌ನ ಸೆಕ್ಯುರಿಟಿ ತಂಡ ಪ್ರಾಜೆಕ್ಟ್ ಝೀರೋದ ಯಾನ್ ಹಾರ್ನ್, ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು, ಇನ್ನೂ ಕೆಲವರು ಬೇರೆಬೇರೆಯಾಗಿ ಇದನ್ನ ಕಂಡುಹಿಡಿದಿದ್ರು. ಅಸಲಿಗೆ 9ನೇ ತಾರೀಕು ಹೇಳೋಣ ಅಂತ ಒಪ್ಪಂದ ಆಗಿತ್ತು, ಆದ್ರೆ ಲಿನಕ್ಸ್ ಕರ್ನಲ್ಲಿಗೆ, ಅಂದ್ರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಗಡಿಬಿಡೀಲಿ ಸೇರ್ತಿದ್ದ ಪ್ಯಾಚ್‌ಗಳನ್ನ ನೋಡಿದ ಜನಕ್ಕೆ ಏನೋ ನಡೀತಿದೆ ಅಂತ ವಾಸನೆ ಹತ್ಬಿಡ್ತು, ಮುಂಚೇನೇ ಬಾಯಿ ಬಿಡ್ಬೇಕಾಯ್ತು.

ವಿಷಯ ಏನಪ್ಪಾ ಅಂದ್ರೆ, ಪ್ರೊಸೆಸರ್‌ಗೆ ಕಾಯೋದು ಅಂದ್ರೆ ಆಗಲ್ಲ. ಸಾಹೇಬ್ರು ಕೇಳೋ ಮುಂಚೇನೇ ಫೈಲ್ ತೆಗ್ದು ಮೇಜಿನ ಮೇಲಿಡೋ ಗುಮಾಸ್ತರು ಇರ್ತಾರಲ್ಲ, ಹಾಗೆ ಮುಂದೇನು ಬೇಕಾಗ್ಬಹುದು ಅಂತ ಊಹೆ ಮಾಡಿ ಕೆಲ್ಸ ಶುರು ಮಾಡ್ಬಿಡುತ್ತೆ. ಊಹೆ ತಪ್ಪಾದ್ರೆ ಮಾಡಿದ್ದನ್ನೆಲ್ಲ ಕೈಬಿಡುತ್ತೆ, ಆದ್ರೆ ಕ್ಯಾಶ್‌ನಲ್ಲಿ, ಅಂದ್ರೆ ಪ್ರೊಸೆಸರ್ ಒಳಗಿನ ಚಿಕ್ಕ ವೇಗದ ಮೆಮೊರೀಲಿ, ಅದ್ರ ಗುರುತು ಉಳ್ಕೊಳ್ಳುತ್ತೆ. ಯಾವುದನ್ನ ಓದೋಕೆ ಬೇಗ ಆಯ್ತು, ಯಾವುದಕ್ಕೆ ತಡ ಆಯ್ತು ಅಂತ ಟೈಮ್ ಅಳೆದೇ ಒಳಗಿದ್ದ ಗುಟ್ಟನ್ನ ಪತ್ತೆ ಹಚ್ತಾರೆ. ಇಷ್ಟೇ. ಉಳಿದ ಹೆಸ್ರೆಲ್ಲ ಇದ್ರ ಮಕ್ಕಳು ಮೊಮ್ಮಕ್ಕಳು.

ಈಗ ವರ್ಚುವಲ್ ಮಷಿನ್‌ಗೆ ಬರೋಣ. ಒಂದೇ ಪ್ರೊಸೆಸರ್ ಮೇಲೆ ಯಾರ್ಯಾರದೋ ಗೆಸ್ಟ್‌ಗಳು ಒಟ್ಟಿಗೆ ಓಡ್ತಿರುತ್ವೆ. ಒಂದು ಗೆಸ್ಟ್ ಇನ್ನೊಂದರ ಡೇಟಾ ಕದಿಯದಂಗೆ ತಡೆಯೋದು ಹೋಸ್ಟ್ ಕೆಲ್ಸ. 2018ರ ಆಗಸ್ಟಲ್ಲಿ ಫೋರ್‌ಶಾಡೋ ಅನ್ನೋ ಇನ್ನೊಂದು ದೋಷ ಬಂದಾಗ, ಗೆಸ್ಟ್ ಒಳಗೆ ಕಾಲಿಡೋ ಮುಂಚೆ ಎಲ್‌1 ಕ್ಯಾಶ್ ಖಾಲಿ ಮಾಡೋಕೆ ಶುರು ಮಾಡಿದ್ದೂ ಹೋಸ್ಟೇ. ಆದ್ರೆ ಗೆಸ್ಟ್ ಒಳಗೆ ಒಂದು ಯಾವ್ದೋ ಪ್ರೋಗ್ರಾಂ ಅದೇ ಗೆಸ್ಟಿನ ಕರ್ನಲ್ ಮೆಮೊರಿ ಓದೋಕೆ ಹೊರಟ್ರೆ? ಹೋಸ್ಟ್‌ಗೆ ಅದು ಗೊತ್ತೂ ಆಗಲ್ಲ. ಆ ಗೋಡೆ ಗೆಸ್ಟಿನ ಕರ್ನಲ್ಲೇ ಕಟ್ಕೋಬೇಕು. "ನಮ್ಮ ಕ್ಲೌಡ್ ಕಂಪ್ನಿಯವ್ರು ಎಲ್ಲಾ ಸರಿ ಮಾಡಿದಾರೆ" ಅಂತ ಸುಮ್ನೆ ಕೂರೋರನ್ನ ಕಂಡ್ರೆ ನಂಗೆ ಸ್ವಲ್ಪ ಸಿಟ್ಟೇ ಬರುತ್ತೆ, ಕ್ಷಮಿಸಿ. ಅವ್ರು ಮಾಡಿರೋದು ಅವ್ರ ಅರ್ಧ.

ಒಂದು ಪ್ರಸಂಗ ಹೇಳ್ತೀನಿ, ಇದನ್ನ ಎಲ್ಲಿ ಹೋದ್ರೂ ಹೇಳ್ತಿರ್ತೀನಿ. 2019ರ ಮೇ ತಿಂಗಳಲ್ಲಿ ಎಂಡಿಎಸ್ ಅಂತ ಇಂಟೆಲ್ ಪ್ರೊಸೆಸರ್‌ಗಳ ಇನ್ನೊಂದು ಗುಂಪು ತೊಂದ್ರೆ ಬಂತು, ಝಾಂಬಿಲೋಡ್ ಅಂತ ಕೇಳಿರ್ಬಹುದು. ಪರಿಹಾರ ಏನು ಅಂದ್ರೆ ಹೊಸ ಮೈಕ್ರೋಕೋಡ್, ಅಂದ್ರೆ ಪ್ರೊಸೆಸರ್ ಒಳಗೇ ಓಡೋ ಸಣ್ಣ ಪ್ರೋಗ್ರಾಂ, ಹಾಕ್ಕೊಂಡು, ಕರ್ನಲ್‌ನಿಂದ ಪ್ರೋಗ್ರಾಂಗೆ ವಾಪಸ್ ಹೋಗೋ ಮುಂಚೆ ಪ್ರೊಸೆಸರ್ ಒಳಗಿನ ಬಫರ್‌ಗಳನ್ನ, ಅಂದ್ರೆ ಡೇಟಾ ಸ್ವಲ್ಪ ಹೊತ್ತು ಇರೋ ಜಾಗಗಳನ್ನ, ಅಳಿಸೋದು. ನಂಗೆ ಪರಿಚಯ ಇರೋ ಒಬ್ಬ ಅಡ್ಮಿನ್ ಫೋನ್ ಮಾಡಿದ, "ಸಾರ್, ಹೋಸ್ಟ್ ಅಪ್ಡೇಟ್ ಆಯ್ತು, ಗೆಸ್ಟ್ ಅಪ್ಡೇಟ್ ಆಯ್ತು, ಇನ್ನೂ ವಲ್ನರಬಲ್ ಅಂತಾನೇ ಬರ್ತಿದೆ". ವಲ್ನರಬಲ್ ಅಂದ್ರೆ ಅಪಾಯ ಇನ್ನೂ ಇದೆ ಅಂತ. ಪೂರ್ತಿ ಸಾಲು ಓದಪ್ಪ ಅಂದೆ. ಲಿನಕ್ಸಲ್ಲಿ ಸಿಸ್ ಡೈರೆಕ್ಟರಿ ಕೆಳಗೆ ಸಿಪಿಯುಗೆ ಸೇರಿದ ಜಾಗದಲ್ಲಿ ವಲ್ನರಬಿಲಿಟೀಸ್ ಅಂತ ಒಂದು ಫೋಲ್ಡರ್ ಇದೆ, ಒಂದೊಂದು ತೊಂದ್ರೆಗೂ ಒಂದೊಂದು ಫೈಲ್. ಎಂಡಿಎಸ್ ಫೈಲಲ್ಲಿ ಇದ್ದಿದ್ದು ಹೀಗೆ: "ವಲ್ನರಬಲ್, ಕ್ಲಿಯರ್ ಸಿಪಿಯು ಬಫರ್ಸ್ ಅಟೆಂಪ್ಟೆಡ್, ನೋ ಮೈಕ್ರೋಕೋಡ್". ಅಂದ್ರೆ ಗೆಸ್ಟ್ ಹೇಳ್ತಿದೆ, ಅಳಿಸೋ ಪ್ರಯತ್ನ ಏನೋ ಮಾಡ್ತಿದೀನಿ, ಆದ್ರೆ ಆ ಮೈಕ್ರೋಕೋಡ್ ಇರೋದು ನಂಗೆ ಕಾಣ್ತಿಲ್ಲ ಅಂತ.

ಅವ್ನು ಮೊದ್ಲು ಮಾಡಿದ್ದೇನು ಗೊತ್ತಾ, ಗೆಸ್ಟ್ ಒಳಗೇ ಮೈಕ್ರೋಕೋಡ್ ಪ್ಯಾಕೇಜ್ ಹಾಕಿದ್ದು! ಅದ್ರಿಂದ ಏನೂ ಆಗಲ್ಲ ಸ್ವಾಮಿ, ಮೈಕ್ರೋಕೋಡ್ ಹೋಗೋದು ನಿಜವಾದ ಪ್ರೊಸೆಸರ್‌ಗೆ, ಅದನ್ನ ಹಾಕೋ ಹಕ್ಕು ಇರೋದು ಹೋಸ್ಟಿಗೆ. ಆಮೇಲೆ ಅವ್ನ ಮಷಿನ್ ಸೆಟ್ಟಿಂಗ್ ನೋಡಿದ್ರೆ ಸಿಪಿಯು ಮಾಡೆಲ್ ಅಂತ ಯಾವ್ದೋ ಹಳೇ ಹೆಸ್ರು ಬರ್ದಿತ್ತು, ಬೇರೆಬೇರೆ ಹೋಸ್ಟ್‌ಗಳಿಗೆ ಲೈವ್ ಮೈಗ್ರೇಶನ್, ಅಂದ್ರೆ ಓಡ್ತಿರೋ ಗೆಸ್ಟನ್ನ ನಿಲ್ಲಿಸದೇ ಸಾಗಿಸೋದು, ಮಾಡೋಕೆ ಅನುಕೂಲ ಆಗ್ಲಿ ಅಂತ ಯಾರೋ ಹಾಗೆ ಇಟ್ಟಿದ್ರು. ಹಳೇ ಮಾಡೆಲ್‌ನಲ್ಲಿ ಬಫರ್ ಅಳಿಸೋ ಸಾಮರ್ಥ್ಯ ಇದೆ ಅಂತ ಹೇಳೋ ಎಂಡಿ-ಕ್ಲಿಯರ್ ಅನ್ನೋ ಫ್ಲ್ಯಾಗೇ ಇಲ್ಲ, ಹೋಸ್ಟಲ್ಲಿ ಇದ್ರೂ ಗೆಸ್ಟ್‌ಗಳನ್ನ ನಡೆಸೋ ಹೈಪರ್‌ವೈಸರ್ ಅದನ್ನ ಗೆಸ್ಟಿಗೆ ತೋರ್ಸಲ್ಲ. ಸರಿ, ಫ್ಲ್ಯಾಗ್ ಸೇರಿಸ್ದ. ಗೆಸ್ಟ್ ಒಳಗಿಂದ ರೀಬೂಟ್ ಹೊಡೆದ. ಅದೇ ಸಾಲು. ಮತ್ತೆ ರೀಬೂಟ್. ಮತ್ತೆ ಅದೇ ಸಾಲು. "ಸಾರ್, ಇದು ಬಗ್ ಇರ್ಬೇಕು" ಅಂದ.

ಬಗ್ ಅಲ್ಲ! ಒಳಗಿಂದ ರೀಬೂಟ್ ಮಾಡಿದ್ರೆ ಹೊರಗೆ ಹೋಸ್ಟಲ್ಲಿ ಓಡ್ತಿರೋ ಕ್ಯೂಎಮು ಪ್ರೋಸೆಸ್, ಅಂದ್ರೆ ಗೆಸ್ಟಿಗೆ ಕಂಪ್ಯೂಟರ್ ಇದ್ದಂಗೆ ತೋರಿಸೋ ಪ್ರೋಗ್ರಾಂ, ಹಳೇದೇ ಇರುತ್ತೆ, ಅದು ಶುರುವಾದಾಗ ಕೊಟ್ಟ ಸಿಪಿಯುವನ್ನೇ ಗೆಸ್ಟಿಗೆ ತೋರಿಸ್ತಾ ಇರುತ್ತೆ. ಪೂರ್ತಿ ಶಟ್‌ಡೌನ್ ಮಾಡಿ, ಹೋಸ್ಟ್ ಕಡೆಯಿಂದ ಸ್ಟಾರ್ಟ್ ಮಾಡು ಅಂದೆ. ಮಾಡ್ದ. ಅದೇ ಫೈಲ್ ತೆರೆದ್ರೆ "ಮಿಟಿಗೇಶನ್, ಕ್ಲಿಯರ್ ಸಿಪಿಯು ಬಫರ್ಸ್", ಅಂದ್ರೆ ತಡೆ ಕೆಲ್ಸ ಮಾಡ್ತಿದೆ ಅಂತ. ಫೋನಲ್ಲೇ ಕೂಗಿದ.

ಸಮಯ ಆಗ್ತಾ ಬಂತು ಅಂತ ಗಾಜಿನ ಆ ಕಡೆಯಿಂದ ಕೈ ತೋರಿಸ್ತಿದಾರೆ, ಉಳಿದಿದ್ದು ಬೇಗ ಹೇಳ್ತೀನಿ. ಅದೇ ಸಾಲಿನ ಕೊನೇಲಿ "ಎಸ್‌ಎಂಟಿ ಹೋಸ್ಟ್ ಸ್ಟೇಟ್ ಅನ್‌ನೋನ್" ಅಂತ ಇರುತ್ತೆ, ಹೋಸ್ಟಲ್ಲಿ ಹೈಪರ್‌ಥ್ರೆಡಿಂಗ್, ಅಂದ್ರೆ ಒಂದೇ ಕೋರ್ ಎರಡು ಕೆಲ್ಸ ಒಟ್ಟಿಗೆ ನಡೆಸೋದು, ಆನ್ ಇದ್ಯೋ ಇಲ್ವೋ ಗೆಸ್ಟಿಗೆ ಗೊತ್ತಾಗಲ್ಲ ಅಂತ ಅರ್ಥ, ಅದಕ್ಕೆ ಗಾಬರಿ ಬೇಡ, ಹೋಸ್ಟ್ ನೋಡ್ಕೊಳ್ಳೋರನ್ನ ಕೇಳಿ. ಸ್ಪೀಡ್ ಬೇಕು ಅಂತ ಮಿಟಿಗೇಶನ್ಸ್ ಆಫ್ ಅಂತ ಕರ್ನಲ್ಲಿಗೆ ಹೇಳೋ ಆಯ್ಕೆ ಲಿನಕ್ಸ್ 5.2ರಿಂದ ಇದೆ, ಬೇರೆಯವ್ರ ಕೋಡ್ ಓಡೋ ಮಷಿನ್‌ನಲ್ಲಿ ದಯವಿಟ್ಟು ಮುಟ್ಬೇಡಿ. ಇನ್ನು 2025ರ ಸೆಪ್ಟೆಂಬರಲ್ಲಿ ಝ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವ್ರು ವಿಎಂಸ್ಕೇಪ್ ಅಂತ ಒಂದು ದಾಳಿ ತೋರಿಸಿದ್ರು, ಗೆಸ್ಟ್ ಒಳಗೆ ಕೂತು ಹೊರಗಿನ ಕ್ಯೂಎಮುವಿನ ಮೆಮೊರಿಯನ್ನೇ ಓದೋದು. ಅದ್ರ ಪ್ಯಾಚ್ ಹೋಸ್ಟ್ ಕರ್ನಲ್ಲಿಗೆ, ಹೋಸ್ಟನ್ನೇ ರೀಬೂಟ್ ಮಾಡ್ಬೇಕು, ಹೇಗೂ ಆಗ ಗೆಸ್ಟ್‌ಗಳನ್ನೂ ಆಫ್ ಮಾಡ್ತೀರಲ್ಲ, ಆ ಹೊತ್ತಲ್ಲೇ ಎಲ್ಲಾದರ ಸಿಪಿಯು ಮಾಡೆಲ್ ಒಂದ್ಸಲ ತೆಗ್ದು ನೋಡ್ಬಿಡಿ. ನಮಸ್ಕಾರ.